ನಮ್ಮ ಸೇನೆಗೆ ಇಷ್ಟು ದೊಡ್ಡ ಬಜೆಟ್ ಇದೆಯಲ್ಲ, ರಕ್ಷಣಾ ಸುಧಾರಣೆಗೆ ಯಾಕಿಷ್ಟು ಅವಸರ?

ಬರೀ ದುಡ್ಡಿದ್ದರೆ ಆಗಲ್ಲ. ನಾನು ಆರ್ಟಿಲರಿಯಲ್ಲಿ ಹವಾಲ್ದಾರ್ ಆಗಿದ್ದವನು, ನನಗೆ ಗೊತ್ತಿರುವ ಕಡೆಯಿಂದಲೇ ಹೇಳುತ್ತೇನೆ.

ಬೋಫೋರ್ಸ್ ತೋಪಿನ ಒಂದು ಗುಂಡು ಹೆಚ್ಚುಕಮ್ಮಿ 45 ಕೆಜಿ. ಅದರ ಮೂತಿಗೆ ಅಂಗೈಯಲ್ಲಿ ಹಿಡಿಸುವಂಥ ಫ್ಯೂಜ್ ತಿರುಗಿಸಿ ಕೂರಿಸಬೇಕು. ಗುಂಡು ಸಿಡಿಯುವುದೇ ಅದರಿಂದ. ಫ್ಯೂಜ್ ಇಲ್ಲದಿದ್ದರೆ ಉಗ್ರಾಣದ ತುಂಬ ಗುಂಡು ಪೇರಿಸಿಟ್ಟರೂ ಪ್ರಯೋಜನವಿಲ್ಲ, ಅಲ್ವಾ? ಈ ಫ್ಯೂಜ್ ಕೊರತೆಯನ್ನು ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯೇ ಎತ್ತಿ ತೋರಿಸಿತ್ತು. 2017ರ ವರದಿ ಪ್ರಕಾರ 152 ಬಗೆಯ ಮದ್ದುಗುಂಡುಗಳಲ್ಲಿ ಸುಮಾರು ಶೇ 40ರಷ್ಟು ಬಗೆಗಳು 10 ದಿನದ ಯುದ್ಧಕ್ಕೂ ಸಾಲುತ್ತಿರಲಿಲ್ಲ. ಇರಬೇಕಾದದ್ದು 40 ದಿನಕ್ಕೆ! ಅದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ.

ಆಮೇಲೆ ಖರೀದಿ ಚುರುಕಾಯಿತು, ನಿಜ. ಆದರೆ ಯಾವಾಗ ಅಂತ ನೋಡಿ. 2016ರಲ್ಲಿ ಕಾಶ್ಮೀರದ ಉರಿ ಸೇನಾ ನೆಲೆ ಮೇಲೆ ದಾಳಿ ಆದ ಮೇಲೆ ತುರ್ತು ಖರೀದಿ. 2020ರಲ್ಲಿ ಲಡಾಖ್‌ನ ಗಾಲ್ವಾನ್‌ನಲ್ಲಿ ಚೀನಾ ಸೈನಿಕರ ಜೊತೆಗಿನ ಘರ್ಷಣೆಯಲ್ಲಿ ನಮ್ಮ 20 ಜನ ಪ್ರಾಣ ಕೊಟ್ಟ ಮೇಲೆ, ಒಂದೊಂದು ಖರೀದಿಗೆ 300 ಕೋಟಿ ರೂಪಾಯಿವರೆಗೆ ಸೇನೆಯೇ ನೇರವಾಗಿ ತರಿಸಿಕೊಳ್ಳುವ ಅಧಿಕಾರ. ಪೆಟ್ಟು ಬಿದ್ದಾಗ ತಿಂಗಳುಗಳಲ್ಲಿ ಆಗುವ ಕೆಲಸ, ಶಾಂತಿ ಇದ್ದಾಗ ಯಾಕೆ ವರ್ಷಗಟ್ಟಲೆ ಎಳೆಯುತ್ತದೆ? ನನ್ನ ಸಿಟ್ಟು ಇಷ್ಟೇ.

ಕಾರ್ಗಿಲ್ ಆದ ಮೇಲೆ, 2001ರಲ್ಲೇ ಸಚಿವರ ತಂಡ ಮೂರೂ ಪಡೆಗಳಿಗೆ ಒಬ್ಬ ಸಿಡಿಎಸ್, ಅಂದರೆ ರಕ್ಷಣಾ ಪಡೆಗಳ ಮುಖ್ಯಸ್ಥ ಬೇಕು ಅಂದಿತ್ತು. ಜನರಲ್ ಬಿಪಿನ್ ರಾವತ್ ಆ ಹುದ್ದೆಗೆ ಬಂದದ್ದು 2020ರ ಜನವರಿಯಲ್ಲಿ.

ಅವಸರ ಮಾಡಿದರೆ ಲಂಚ ನುಗ್ಗುತ್ತದೆ ಅಂತ ಕೆಲವರು ಹೇಳುತ್ತಾರೆ. ಆ ಭಯ ಸುಳ್ಳಲ್ಲ. ಆದರೆ 1986ರ ಬೋಫೋರ್ಸ್ ಒಪ್ಪಂದದಲ್ಲಿ ಲಂಚದ ಗಲಾಟೆ ಆದಮೇಲೆ ಹೊರಗಿನಿಂದ ಹೊಸ ದೊಡ್ಡ ತೋಪಿಗೆ ಸಹಿ ಬಿದ್ದದ್ದು 2016ರಲ್ಲಿ, ಎಂ777ಕ್ಕೆ. 30 ವರ್ಷ! ಅಷ್ಟರಲ್ಲಿ ಕಾರ್ಗಿಲ್ ಯುದ್ಧವೇ ನಡೆದುಹೋಯಿತು, ಅಲ್ಲಿ ನಮ್ಮ ಕೈ ಹಿಡಿದದ್ದು ಅದೇ ಬೋಫೋರ್ಸ್. ತಪ್ಪು ಮಾಡಿದವರನ್ನು ಹಿಡಿಯಿರಿ, ಅದಕ್ಕೆ ಗಡಿಯಲ್ಲಿರುವ ಹುಡುಗ ಯಾಕೆ ಕಾಯಬೇಕು?

ಇನ್ನೊಂದು ವಿಷಯ ಹೊರಗಿನವರಿಗೆ ಅಷ್ಟಾಗಿ ಗೊತ್ತಿರಲ್ಲ. ತೋಪನ್ನು ಬೇಸಿಗೆಯಲ್ಲಿ ಮರಳುಗಾಡಿನಲ್ಲಿ, ಚಳಿಯಲ್ಲಿ ಎತ್ತರದ ಬೆಟ್ಟದಲ್ಲಿ ಹೊಡೆದು ನೋಡಬೇಕು. ಒಂದು ಸಹಿ ತಡವಾಗಿ ಆ ಬೇಸಿಗೆ ತಪ್ಪಿತು ಅಂದರೆ ಪೂರ್ತಿ ಒಂದು ವರ್ಷ ಹೋಯಿತು. ಅದಕ್ಕೇ ಪ್ರತಿ ಮೇಜಿಗೂ ಗಡುವು ಹಾಕಿ, ಅದು ದಾಟಿದರೆ ಫೈಲು ತಾನಾಗಿ ಮುಂದೆ ಹೋಗುವ ಹಾಗೆ ಮಾಡಿ ಅಂತ ನಾನು ಕೇಳುವುದು.