ಎರಡನೇ ಆಲ್ಬಂಗೆ ಅಷ್ಟೊಂದು ಹೆಸರು ಯಾಕೆ?

ಪ್ರಶ್ನೆ: ಬ್ರಿಟಿಷ್ ಗಾಯಕಿ ಆಮಿ ವೈನ್‌ಹೌಸ್ ಅವರ ‘ಬ್ಯಾಕ್ ಟು ಬ್ಲ್ಯಾಕ್’ ಆಲ್ಬಂ ಅನ್ನು ಮಗಳು ಹಾಕಿದರೆ ನನಗೆ ಯಾವುದೋ ಹಳೇ ರೆಕಾರ್ಡ್ ಅನಿಸುತ್ತದೆ. ಆಕೆಯ ಈ ಎರಡನೇ ಆಲ್ಬಂ 2006ರದ್ದಂತೆ, ನಿಜವೇ? ಇದಕ್ಕೆ ಅಷ್ಟೊಂದು ಹೆಸರು ಯಾಕೆ?
– ಓದುಗರೊಬ್ಬರು, ಧಾರವಾಡ

ಉತ್ತರ: ನಿಜ. ನಿಮ್ಮ ಕಿವಿಯದ್ದೇನೂ ತಪ್ಪಿಲ್ಲ ಬಿಡಿ, ಆ ಹಳೇ ಸದ್ದು ಬೇಕೆಂದೇ ತಂದದ್ದು. 2003ರ ಮೊದಲ ಆಲ್ಬಂ ‘ಫ್ರಾಂಕ್’ನಲ್ಲಿ ಜಾಝ್ ಜಾಸ್ತಿ. ಆಮೇಲೆ ಆಮಿ 1960ರ ದಶಕದ ಅಮೆರಿಕದ ಹುಡುಗಿಯರ ತಂಡಗಳ ಹಾಡುಗಳಿಗೆ ಮರುಳಾದರು. ಸುಮಾರು ಅರ್ಧ ಆಲ್ಬಂಗೆ ನಿರ್ಮಾಪಕರಾದ ಮಾರ್ಕ್ ರಾನ್ಸನ್, ನ್ಯೂಯಾರ್ಕಿನ ಡ್ಯಾಪ್-ಕಿಂಗ್ಸ್ ವಾದ್ಯತಂಡದಿಂದ ಡ್ರಮ್ಸು, ತುತ್ತೂರಿ ನುಡಿಸಿಕೊಂಡರು. ಉಳಿದರ್ಧ ಇನ್ನೊಬ್ಬ ನಿರ್ಮಾಪಕ ಸಲಾಂ ರೆಮಿ ಕೈಯಲ್ಲಿ ಬಂತು.

ಶೀರ್ಷಿಕೆ ಗೀತೆಯನ್ನೇ ಇನ್ನೊಮ್ಮೆ ಕೇಳಿ. ನಡುವೆ ವಾದ್ಯಗಳೆಲ್ಲ ಹಿಂದೆ ಸರಿಯುತ್ತವೆ, ಆಕೆ ‘ಬ್ಲ್ಯಾಕ್’ ಅನ್ನೋ ಒಂದೇ ಪದವನ್ನು ಮತ್ತೆ ಮತ್ತೆ ಹಾಡುತ್ತಾರೆ. ನಾನಂತೂ ಪಾತ್ರೆ ತೊಳೆಯೋದು ನಿಲ್ಲಿಸಿ ನಿಂತುಬಿಡುತ್ತೇನೆ.

ವಿಮರ್ಶಕರೂ ಮೆಚ್ಚಿದರು, ಜನರೂ ಕೊಂಡರು. 2008ರಲ್ಲಿ ಅಮೆರಿಕದ ಸಂಗೀತ ಪ್ರಶಸ್ತಿಯಾದ ಗ್ರ್ಯಾಮಿ ಐದು ಬಂದವು. ಅವತ್ತು ಆಮಿ ಸಮಾರಂಭ ನಡೆದ ಲಾಸ್ ಏಂಜಲೀಸ್‌ನಲ್ಲಿರಲಿಲ್ಲ, ಲಂಡನ್ನಿನಿಂದಲೇ ಉಪಗ್ರಹದ ಮೂಲಕ ಹಾಡಿದರು. ವರ್ಷದ ಆಲ್ಬಂ ಪ್ರಶಸ್ತಿ ಮಾತ್ರ ಜಾಝ್ ಪಿಯಾನೊ ವಾದಕ ಹರ್ಬಿ ಹ್ಯಾನ್‌ಕಾಕ್ ಅವರ ಪಾಲಾಯಿತು. ನನಗೆ ಇನ್ನೂ ಹೊಟ್ಟೆಯುರಿ! ಮೂರನೇ ಆಲ್ಬಂ ಮುಗಿಸುವ ಮೊದಲೇ, 2011ರ ಜುಲೈನಲ್ಲಿ, 27ನೇ ವಯಸ್ಸಿಗೆ ಆಕೆ ತೀರಿಕೊಂಡರು.

ಮಗಳ ಹತ್ತಿರ ‘ಫ್ರಾಂಕ್’ ಕೂಡ ಹಾಕಿಸಿ ಕೇಳಿ.