ಎಳೆ ಬಳ್ಳಿಯ ರೆಡ್ ವೈನ್ ಇಟ್ಟು ಕುಡಿಯಬೇಕಾ, ಈಗಲೇ ಕುಡಿಯಬೇಕಾ?

ಬಿಸಿಲು ಸೀಮೆಯ ಹೊಸ ತೋಟವೊಂದರ ರೆಡ್ ವೈನ್ ಸಿಕ್ಕಿದೆ, ಬಳ್ಳಿಗೆ ಬರೀ ನಾಲ್ಕು ವರ್ಷವಂತೆ, ಹಳೇ ಬಳ್ಳಿಯದ್ದೇ ಒಳ್ಳೆಯದು ಅಂತಾರಲ್ಲ, ಇದನ್ನು ಕೆಲವು ವರ್ಷ ಇಟ್ಟರೆ ಸುಧಾರಿಸುತ್ತದಾ ಅಂತ ಕೇಳಿದ್ದೀರಿ. ಇಡಬೇಡಿ, ಈ ವರ್ಷವೇ ಕುಡಿಯಿರಿ. ಆದರೆ ಎಳೆ ಬಳ್ಳಿಯದು ಅನ್ನುವ ಒಂದೇ ಕಾರಣಕ್ಕೆ ಅದನ್ನು ಕೀಳು ಅಂದುಕೊಳ್ಳಬೇಡಿ.

ವಿಜಯಪುರದ ಕಡೆ ನಮ್ಮದು ಒಣದ್ರಾಕ್ಷಿ ತೋಟ. ಅದರ ಪಕ್ಕದಲ್ಲೇ ಒಂದೂವರೆ ಎಕರೆ ಶಿರಾಜ್ ಅನ್ನುವ ರೆಡ್ ವೈನ್ ದ್ರಾಕ್ಷಿ ಹಾಕಿದ್ದೆವು. ಮೂರನೇ ವರ್ಷ ಮೊದಲ ಬೆಳೆ ಬಂತು. ಗೊಂಚಲು ಕಡಿಮೆ, ಕಾಯಿ ಸಣ್ಣ. ಆದರೆ ಆ ಬಣ್ಣ, ಆ ಪರಿಮಳ ಇನ್ನೂ ನೆನಪಿದೆ. ಕಾಯಿ ಸಣ್ಣದಾದಾಗ ರಸದ ಪಾಲು ಕಡಿಮೆ, ಸಿಪ್ಪೆಯ ಪಾಲು ಜಾಸ್ತಿ. ರೆಡ್ ವೈನಿನ ಬಣ್ಣ ಬರುವುದು ಸಿಪ್ಪೆಯಿಂದಲೇ ಅಲ್ವಾ. ಅದಕ್ಕೇ ಮೊದಲ ಬೆಳೆ ಎಷ್ಟೋ ಸಲ ಚೆನ್ನಾಗಿರುತ್ತದೆ.

ಕಷ್ಟ ಶುರುವಾಗಿದ್ದು ಆಮೇಲೆ. ನಾಲ್ಕು, ಐದನೇ ವರ್ಷಕ್ಕೆ ಬಳ್ಳಿಗೆ ಹುರುಪು ಬಂತು. ಅಕ್ಟೋಬರ್ ಚಾಟ್ನಿ (ಬಳ್ಳಿ ಸವರುವುದು) ಆದ ಮೇಲೆ ಕಂಡಲ್ಲೆಲ್ಲ ಗೊಂಚಲು. ಆಸೆಗೆ ಬಿದ್ದು ಒಂದನ್ನೂ ಕಿತ್ತು ಹಾಕಲಿಲ್ಲ. ಆ ವರ್ಷದ ವೈನ್ ನೀರು ನೀರಾಗಿತ್ತು. ಮರುವರ್ಷ ಅರ್ಧದಷ್ಟು ಗೊಂಚಲು ಕಾಯಿ ಇರುವಾಗಲೇ ತೆಗೆದೆವು. ಕೈ ಬರುತ್ತಿರಲಿಲ್ಲ, ಆದರೂ ತೆಗೆದೆವು. ರುಚಿ ಮತ್ತೆ ಬಂತು.

ಎಳೆ ಬಳ್ಳಿಯ ಬೇರು ಇನ್ನೂ ಆಳಕ್ಕೆ ಇಳಿದಿರುವುದಿಲ್ಲ. ಹಳೇ ಬಳ್ಳಿ ನಾಲ್ಕು ದಿನ ಬಿಸಿಲು ತಡೆದರೆ ಇದು ಎರಡೇ ದಿನಕ್ಕೆ ಬಾಡುತ್ತದೆ. ಬಿಸಿಲಿನ ಇನ್ನೊಂದು ಕಾಟವೆಂದರೆ, ಸಕ್ಕರೆ ಓಡೋಡಿ ಏರುತ್ತದೆ, ಹುಳಿ ಇಳಿಯುತ್ತದೆ, ಬೀಜ ಮಾತ್ರ ಇನ್ನೂ ಹಸಿರಾಗಿಯೇ ಇರುತ್ತದೆ. ಬ್ರಿಕ್ಸ್ (ರಸದ ಸಕ್ಕರೆಯ ಅಳತೆ) 24 ತೋರಿಸಿತು ಅಂತ ಕಿತ್ತರೆ ವೈನಿನಲ್ಲಿ ಹಸಿ ಒಗರು ಉಳಿಯುತ್ತದೆ. ಬೀಜ ಕಂದು ಬಣ್ಣಕ್ಕೆ ಬರಲಿ ಅಂತ ಕಾದರೆ ಆಲ್ಕೋಹಾಲ್ ಜಾಸ್ತಿಯಾಗಿ ಬಾಯಿ ಸುಡುತ್ತದೆ. ಹಾಗಾಗಿ ನಾವು ಕೊನೆಯ ಎರಡು ವಾರ ದಿನಾ ಕಾಯಿ ಅಗಿದು ನೋಡುತ್ತೇವೆ. ಸಂಜೆ ಬಿಸಿಲು ಬೀಳುವ ಪಡುವಣ ಮಗ್ಗುಲಿನ ಎಲೆ ಕೀಳುವುದಿಲ್ಲ. ಕೊಯ್ಲು ಬೆಳಗಿನ ಜಾವ.

ವಯಸ್ಸಿನ ಮಾತು ಬಂದಾಗಲೆಲ್ಲ ನಾನು ಹೇಳುವ ಉದಾಹರಣೆ ಒಂದಿದೆ. ಕ್ಯಾಲಿಫೋರ್ನಿಯಾದ ನಾಪಾ ಕಣಿವೆಯಲ್ಲಿ ವಾರೆನ್ ವಿನಿಯಾರ್ಸ್ಕಿ ಅನ್ನುವ ವೈನ್ ತಯಾರಕರು 1970ರಲ್ಲಿ ಕ್ಯಾಬರ್ನೆ ಸೋವಿನ್ಯೋನ್ ಅನ್ನುವ ರೆಡ್ ವೈನ್ ತಳಿ ನೆಟ್ಟರು. 1973ರ ಬೆಳೆಯಿಂದ ಅವರ ಸ್ಟ್ಯಾಗ್ಸ್ ಲೀಪ್ ವೈನ್ ಸೆಲ್ಲರ್ಸ್ ಮಾಡಿದ ವೈನನ್ನು 1976ರ ಮೇ 24ರಂದು ಪ್ಯಾರಿಸ್ಸಿನಲ್ಲಿ ಹೆಸರು ಮುಚ್ಚಿಟ್ಟು ರುಚಿ ನೋಡಿದರು. ಫ್ರೆಂಚ್ ತೀರ್ಪುಗಾರರು ತಮ್ಮದೇ ಬೋರ್ಡೋ ಸೀಮೆಯ ಹೆಸರಾಂತ ವೈನುಗಳಾದ ಮೂಟೋನ್ ರಾತ್‌ಶೀಲ್ಡ್, ಓ ಬ್ರಿಯೋನ್‌ಗಳಿಗಿಂತ ಅದಕ್ಕೇ ಹೆಚ್ಚು ಅಂಕ ಕೊಟ್ಟರು. ಆ ಬೆಳೆ ಬಂದಾಗ ಬಳ್ಳಿಗೆ ಮೂರೇ ವರ್ಷ! ನಾಪಾದಲ್ಲಿ ಹಗಲು ಒಳ್ಳೇ ಬಿಸಿಲು. ಆದರೆ ಕೊಲ್ಲಿಯ ಕಡೆಯಿಂದ ತಂಪು ಗಾಳಿ, ಮಂಜು ಬರುತ್ತದೆ, ರಾತ್ರಿ ತಣ್ಣಗಾಗುತ್ತದೆ. ಅದರಿಂದ ಹುಳಿ ಉಳಿಯುತ್ತದೆ. ಆ ವೈನ್ 30 ವರ್ಷ ಕಳೆದು 2006ರಲ್ಲಿ ಮತ್ತೆ ರುಚಿ ನೋಡಿದಾಗಲೂ ಎರಡನೇ ಸ್ಥಾನದಲ್ಲಿತ್ತು, ಅದೂ ನಿಜ. ಎಲ್ಲ ಎಳೆ ಬಳ್ಳಿಗೂ ಆ ಯೋಗ ಇರುವುದಿಲ್ಲ. ಸಾಮಾನ್ಯವಾಗಿ ಇಂಥ ವೈನಿನ ಸೊಗಸು ಅದರ ತಾಜಾ ಹಣ್ಣಿನ ರುಚಿಯಲ್ಲೇ. ಇಟ್ಟಷ್ಟೂ ಅದು ಕರಗುತ್ತದೆ.

"ಹಳೇ ಬಳ್ಳಿ" ಅಂತ ಲೇಬಲ್ ಮೇಲೆ ಬರೆಯಲು ಹೆಚ್ಚಿನ ಕಡೆ ಕಾನೂನಿನ ಲೆಕ್ಕವೇ ಇಲ್ಲ. ಆಸ್ಟ್ರೇಲಿಯಾದ ಬರೋಸಾದಲ್ಲಿ ಬೆಳೆಗಾರರೇ ಸೇರಿ 35 ವರ್ಷ ದಾಟಿದ್ದಕ್ಕೆ ಆ ಹೆಸರು ಅಂತ ಗೊತ್ತುಮಾಡಿಕೊಂಡಿದ್ದಾರೆ. ಬೇರೆ ಕಡೆ ಆ ಪದ ನೋಡಿ ಸುಮ್ನೆ ಜಾಸ್ತಿ ದುಡ್ಡು ಕೊಡಬೇಡಿ.

ಕುಡಿಯುವ ಮುಂಚೆ ಬಾಟಲಿಯನ್ನು ಅರ್ಧ ಗಂಟೆ ಫ್ರಿಜ್‌ನಲ್ಲಿಡಿ. ರೆಡ್ ವೈನನ್ನು ಕೋಣೆಯ ಶಾಖದಲ್ಲಿ ಕುಡಿಯಬೇಕು ಅನ್ನುವುದು ಯುರೋಪಿನ ತಣ್ಣನೆ ಕೋಣೆಗೆ ಹೇಳಿದ ಮಾತು. ನಮ್ಮ 30 ಡಿಗ್ರಿಯಲ್ಲಿ ಬರೀ ಆಲ್ಕೋಹಾಲಿನ ಘಾಟೇ ಮೂಗಿಗೆ ಬಡಿಯುತ್ತದೆ. ಜೊತೆಗೆ ತುಂಬಾ ಖಾರ ಬೇಡ, ಒಗರೂ ಖಾರವೂ ಸೇರಿದರೆ ನಾಲಿಗೆ ಉರಿಯುತ್ತದೆ. ಖಾರ ಕಡಿಮೆ ಹಾಕಿದ ಎಣ್ಣೆಗಾಯಿ, ರೊಟ್ಟಿ, ಇಲ್ಲವೇ ಸುಟ್ಟ ಮಟನ್ ಚೆನ್ನಾಗಿ ಹೊಂದುತ್ತದೆ. ಉಳಿದರೆ ಬಿರಡೆ ಹಾಕಿ ಫ್ರಿಜ್‌ನಲ್ಲಿಟ್ಟು ಎರಡು ಮೂರು ದಿನದಲ್ಲಿ ಮುಗಿಸಿ. ಯಾವ ತಳಿ ಅಂತ ಬಾಟಲಿ ಮೇಲೆ ಇದ್ದರೆ ತಿಳಿಸಿ, ಇನ್ನೂ ಸರಿಯಾಗಿ ಹೇಳುತ್ತೇನೆ.