ದಾವಣಗೆರೆಯಲ್ಲಿರುವ ನಾನು ಕರಾವಳಿಯ ರೆಸಾರ್ಟ್ ಯೋಜನೆಗೆ ಆಕ್ಷೇಪ ಸಲ್ಲಿಸಬಹುದೇ?

ಸಲ್ಲಿಸಬಹುದು. ಸಾರ್ವಜನಿಕ ಅಹವಾಲು ನಡೆಯುವ ಯೋಜನೆಯಾದರೆ, ಪರಿಸರದ ದೃಷ್ಟಿಯಿಂದ ಸಕಾರಣ ಆಸಕ್ತಿಯುಳ್ಳ ಯಾರೇ ಆದರೂ ಲಿಖಿತ ಆಕ್ಷೇಪ ಕಳುಹಿಸಲು 2006ರ ಪರಿಸರ ಪರಿಣಾಮ ಅಧಿಸೂಚನೆ ಅವಕಾಶ ಕೊಡುತ್ತದೆ. ದಾವಣಗೆರೆಯಿಂದ ಅಂಚೆಯಲ್ಲೇ ಕಳುಹಿಸಿ. ಕಡಲು ಹಾಳಾಗುತ್ತದೆ ಎಂದಷ್ಟೇ ಬರೆಯದೆ, ಯೋಜನೆಯ ಪರಿಸರ ಪರಿಣಾಮ ವರದಿಯಲ್ಲಿ ಏನಿಲ್ಲ ಎಂಬುದನ್ನು ಹೆಸರಿಸಿ. ಮೊದಲು ನೋಡಬೇಕಾದದ್ದು ಮಾದರಿ ಸಂಗ್ರಹಿಸಿದ ತಿಂಗಳುಗಳನ್ನು: ಬೇಸಿಗೆಯಲ್ಲಷ್ಟೇ ನಡೆದ ಅಧ್ಯಯನವು, ಮೀನುಗಳ ಸಂತಾನೋತ್ಪತ್ತಿಗೆಂದು ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಯನ್ನು ನಿಷೇಧಿಸುವ ಮಳೆಗಾಲವನ್ನೂ, ಚಳಿಗಾಲದಲ್ಲಿ ಮೊಟ್ಟೆಯಿಡಲು ದಡಕ್ಕೆ ಬರುವ ಆಲಿವ್ ರಿಡ್ಲೆ ಕಡಲಾಮೆಗಳನ್ನೂ ಕಾಣದೆ ಹೋಗುತ್ತದೆ. ಇದನ್ನು ಸಣ್ಣ ಲೋಪವೆಂದು ನಾನು ಒಪ್ಪಲಾರೆ. ರಾತ್ರಿಯ ದೀಪಗಳ ಪ್ರಸ್ತಾಪವಿದೆಯೇ ಎಂಬುದನ್ನೂ ನೋಡಿ, ಏಕೆಂದರೆ ಆಮೆಮರಿಗಳು ಆ ಬೆಳಕಿಗೆ ಕಡಲಿನ ದಾರಿ ತಪ್ಪುತ್ತವೆ. ಪರಿಸರ ಅನುಮತಿ ದೊರೆತುಬಿಟ್ಟರೆ, ಬಾಧಿತರು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠಕ್ಕೆ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬೇಕು.